ಕೃಪೆಯೋ, ಕ್ರಿಯೆಯೋ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಒಳ್ಳೇ ಕೆಲಸ ಮಾಡಿ ಸ್ವರ್ಗ ಸಂಪಾದಿಸಬೇಕು ಅಂತ ಮಾರ್ಮನ್ನರು (ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಶುರುಮಾಡಿದ ಕ್ರೈಸ್ತ ಪಂಗಡದವರು) ನಂಬುತ್ತಾರಂತೆ. ಹಾಗಾದರೆ ಅವರಿಗೆ ಯೇಸುವಿನ ಕೃಪೆ ಯಾಕೆ?

ಉತ್ತರ: ಈ ಪ್ರಶ್ನೆಯ ಜೊತೆ ಯಾವಾಗಲೂ ಒಂದು ವಿಡಿಯೊ ಬರುತ್ತದೆ. ಅದರಲ್ಲಿ ಅದೇ ಸಾಲು: ನಾವು ಮಾಡಬಲ್ಲದ್ದನ್ನೆಲ್ಲ ಮಾಡಿದ ಮೇಲೆ ಕೃಪೆಯಿಂದ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ. 1830ರಲ್ಲಿ ಜೋಸೆಫ್ ಸ್ಮಿತ್ ಪ್ರಕಟಿಸಿದ ಮಾರ್ಮನ್ ಗ್ರಂಥದಲ್ಲಿ, ಎರಡನೇ ನೀಫೈ ಎಂಬ ಭಾಗದ 25ನೇ ಅಧ್ಯಾಯದಲ್ಲಿ ಈ ಸಾಲು ಇರುವುದು ನಿಜ. ಅಷ್ಟಕ್ಕೇ ತೀರ್ಪು ಕೊಡುವ ಈ ವಿಡಿಯೊ ಪಂಡಿತರು ಉಳಿದ ಪುಟ ತಿರುವಿದ ಹಾಗೆ ಕಾಣುವುದಿಲ್ಲ.

ಅದೇ ಗ್ರಂಥದ ಆಲ್ಮ ಎಂಬ ಭಾಗದ 24ನೇ ಅಧ್ಯಾಯ ಓದಿ. ಎಷ್ಟೋ ಕೊಲೆ ಮಾಡಿದ್ದ ಒಂದು ಜನಾಂಗದ ಮನಸ್ಸು ತಿರುಗಿದೆ. ಪಶ್ಚಾತ್ತಾಪ ಪಡುವುದೇ ನಮ್ಮ ಕೈಲಾದದ್ದೆಲ್ಲ, ಕಳಂಕ ತೆಗೆದವನು ದೇವರು ಎನ್ನುತ್ತಾನೆ ಅವರ ಅರಸ. ಕತ್ತಿಗಳನ್ನು ಆಳವಾಗಿ ಹೂತುಬಿಡುತ್ತಾರೆ. ವೈರಿಗಳು ಮೇಲೆ ಬಿದ್ದಾಗಲೂ ಅಗೆದು ತೆಗೆಯುವುದಿಲ್ಲ. ಸಾವಿರಕ್ಕೂ ಹೆಚ್ಚು ಮಂದಿ ಹಾಗೇ ಸಾಯುತ್ತಾರೆ. ಇವರು ಪುಣ್ಯದ ಲೆಕ್ಕ ಇಟ್ಟವರಂತೆ ಕಾಣುತ್ತಾರಾ?

ಹಾಗಂತ, ನಂಬಿಕೆಯೊಂದರಿಂದಲೇ ರಕ್ಷಣೆ ಎಂದ ಪ್ರಾಟೆಸ್ಟೆಂಟ್ ಸುಧಾರಕ ಲೂಥರ್ ಹೇಳಿದ್ದೂ ಇದೂ ಒಂದೇ ಅನ್ನಬೇಡಿ. ಅದೂ ತಪ್ಪು. ಮಾರ್ಮನ್ನರ ಪ್ರಕಾರ ಸತ್ತವರು ಮತ್ತೆ ಏಳುವುದು ಎಲ್ಲರಿಗೂ ಪುಕ್ಕಟೆ, ಯಾವ ಷರತ್ತೂ ಇಲ್ಲ. ಆದರೆ ಪರಲೋಕದಲ್ಲಿ ಮೂರು ಹಂತದ ಮಹಿಮೆ ಉಂಟು ಎನ್ನುವುದು 1832ರಿಂದಲೂ ಅವರ ಬೋಧನೆ. ಮೇಲಿನ ಹಂತಕ್ಕೆ ದೀಕ್ಷಾಸ್ನಾನ (ನೀರಿನಲ್ಲಿ ಮುಳುಗಿ ಪಡೆಯುವ ದೀಕ್ಷೆ) ಬೇಕು. ಅಲ್ಲೂ ತುತ್ತತುದಿಗೆ ದೇವಾಲಯದ ಒಡಂಬಡಿಕೆಗಳು, ಅಂದರೆ ಅವರ ವಿಶೇಷ ವಿಧಿಗಳ ಮಂದಿರದಲ್ಲಿ ದೇವರಿಗೆ ಕೊಡುವ ಮಾತು, ಬೇಕು, ಅವನ್ನು ಉಳಿಸಿಕೊಳ್ಳಬೇಕು. ನಿಮಗೆ ‘ಕ್ರಿಯೆ’ ಅಂತ ಕಾಣುವುದು ಇದೇ. ಹಳೇ ತಲೆಮಾರಿನ ಬೋಧನೆಯಲ್ಲಿ ಇದಕ್ಕೇ ಒತ್ತು ಜಾಸ್ತಿ ಇತ್ತು, ಎಷ್ಟೋ ಸದಸ್ಯರು ‘ನಾನು ಸಾಲೆನು’ ಅಂತ ಕೊರಗಿದ್ದೂ ಉಂಟು. 2015ರ ಏಪ್ರಿಲ್ ಮಹಾಸಭೆಯಲ್ಲಿ ಅವರ ನಾಯಕ ಡೀಟರ್ ಉಕ್ಟ್‌ಡಾರ್ಫ್ ನೇರವಾಗಿಯೇ ಹೇಳಿದರು: ವಿಧೇಯತೆ ಕೊಟ್ಟು ರಕ್ಷಣೆ ಕೊಳ್ಳಲು ಆಗುವುದಿಲ್ಲ. ಆಜ್ಞೆ ಪಾಲಿಸುವುದು ಪ್ರೀತಿಯಿಂದ, ಋಣ ತೀರಿಸಲಿಕ್ಕಲ್ಲ.

ಪ್ರಶ್ನೆ: ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಟ್ಟರೆ ಸ್ವರ್ಗ ಖಾತ್ರಿಯಾ?

ಉತ್ತರ: ಇಲ್ಲ. ಆದರೆ ಕೊಡದಿದ್ದರೆ ದೇವಾಲಯದೊಳಗೆ ಹೋಗುವ ಅನುಮತಿ ಚೀಟಿ ಸಿಗದು.

ಪ್ರಶ್ನೆ: ಸತ್ತವರಿಗೂ ದೀಕ್ಷಾಸ್ನಾನ ಕೊಟ್ಟು ಬಲವಂತವಾಗಿ ಮತಾಂತರ ಮಾಡುತ್ತಾರಂತೆ?

ಉತ್ತರ: ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುತ್ತಾರೆ. ಅದನ್ನು ಒಪ್ಪುವುದೂ ಬಿಡುವುದೂ ಸತ್ತವರ ಆತ್ಮಕ್ಕೇ ಬಿಟ್ಟದ್ದು ಎನ್ನುತ್ತದೆ ಅವರ ಬೋಧನೆ.

ಪ್ರಶ್ನೆ: ಇವರಿಗೆಲ್ಲ ನಾಲ್ಕೈದು ಹೆಂಡಿರಾ?

ಉತ್ತರ: ಬಹುಪತ್ನಿತ್ವ ಬಿಡುವುದಾಗಿ ಅವರ ಚರ್ಚು ಘೋಷಿಸಿದ್ದು 1890ರಲ್ಲಿ. ಇನ್ನೂ ನಡೆಸುವವರು ಒಡೆದುಹೋದ ಪಂಗಡದವರು. ಈ ಪ್ರಶ್ನೆ ಇನ್ನು ಕಳಿಸಬೇಡಿ.

ಪ್ರಶ್ನೆ: 2018ರಲ್ಲಿ ಬೆಂಗಳೂರಿಗೆ ಘೋಷಿಸಿದ ದೇವಾಲಯದೊಳಗೆ ನಾನೂ ಹೋಗಬಹುದಾ?

ಉತ್ತರ: ಪ್ರತಿಷ್ಠೆಗೆ ಮುಂಚೆ ಕೆಲವು ದಿನ ಎಲ್ಲರಿಗೂ ಬಾಗಿಲು ತೆರೆಯುವ ವಾಡಿಕೆ ಇದೆ. ಆಮೇಲೆ ಚೀಟಿ ಇದ್ದವರಿಗೆ ಮಾತ್ರ. ಭಾನುವಾರದ ಆರಾಧನೆಗೆ ಯಾರು ಬೇಕಾದರೂ ಹೋಗಬಹುದು, ಅದು ಬೇರೆ ಕಟ್ಟಡ.