ಕಪ್ಪು ಕರಡಿಗೆ .44 ಮ್ಯಾಗ್ನಮ್: ಯಾವ ಗುಂಡು?
ನಮಸ್ಕಾರ. ಅಮೆರಿಕದ ಮೈನ್ ರಾಜ್ಯದಲ್ಲಿ ಅಟ್ಟಣೆ ಮೇಲೆ ಕೂತು ಕಪ್ಪು ಕರಡಿ ಬೇಟೆಯಾಡೋಕೆ .44 ಮ್ಯಾಗ್ನಮ್ ರಿವಾಲ್ವರಿಗೆ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿಯಿರುವ ಗುಂಡು) ಸಾಕಾ ಅಂತ ಕೇಳಿದ್ದೀರಿ.

ಆತ್ಮರಕ್ಷಣೆಗೆಂದು ಮಾಡಿದ ಹಗುರ ಹಾಲೋ ಪಾಯಿಂಟ್ ಬೇಡವೇ ಬೇಡ. ಅದು ಬೇಗ ಅರಳಿ ಒಳಗೇ ನಿಂತುಬಿಡಬಹುದು. ನಾನಾದರೆ 240 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಸಾಫ್ಟ್ ಪಾಯಿಂಟ್, ಅಂದರೆ ತುದಿಯಲ್ಲಿ ಮೆತ್ತನೆ ಸೀಸ ಹೊರಗೆ ಕಾಣುವ ಗುಂಡು, ಅಥವಾ ಚಪ್ಪಟೆ ಮೂತಿಯ ಗಟ್ಟಿ ಸೀಸದ ಗುಂಡು ತಗೊಳ್ಳುತ್ತೇನೆ. ಯಾಕೆ ಅಂದರೆ, ಚಳಿಗಾಲಕ್ಕೆ ಮುಂಚೆ ಕರಡಿ ಮೈಯಲ್ಲಿ ಕೊಬ್ಬು ಜಾಸ್ತಿ. ಗುಂಡು ಹೊಕ್ಕ ತೂತನ್ನು ಕೊಬ್ಬು ಮುಚ್ಚಿಬಿಡುತ್ತದೆ, ಸೋರಿದ ರಕ್ತವನ್ನು ದಟ್ಟ ಕೂದಲು ಹೀರುತ್ತದೆ. ನೆಲದ ಮೇಲೆ ಹನಿಯೂ ಕಾಣದೆ ಹೋಗಬಹುದು. ನೀವು ಮೇಲಿಂದ ಹೊಡೀತೀರಿ ಅಲ್ವಾ, ಗುಂಡು ಆಚೆ ಬದಿಯಲ್ಲಿ ಕೆಳಗೆ ಹೊರಬಿದ್ದರೆ ರಕ್ತ ನೆಲಕ್ಕೆ ಬೀಳುತ್ತದೆ, ಜಾಡು ಸಿಗುತ್ತದೆ. ಗಾಯಗೊಂಡ ಕರಡಿ ಪೊದೆಯೊಳಗೆ ನರಳೋದು ಯಾರಿಗೂ ಬೇಡ.

ಕರಡಿ ಅಡ್ಡ ನಿಂತು, ನಿಮ್ಮ ಕಡೆಯ ಮುಂಗಾಲು ಮುಂದಿಟ್ಟಾಗ ಭುಜದ ಹಿಂದೆ, ಶ್ವಾಸಕೋಶಕ್ಕೆ ಗುರಿಯಿಡಿ. ಎದುರು ಮುಖ ಮಾಡಿದ್ದರೆ ಕಾಯಿರಿ.

ಬೇಟೆಗೆ ಒಯ್ಯುವ ಗುಂಡಿನಲ್ಲೇ 25 ಗಜದಲ್ಲಿ ಅಭ್ಯಾಸ ಮಾಡಿ. 300 ಗ್ರೇನಿಗೆ ಬದಲಾಯಿಸಿದರೆ ಸಾಮಾನ್ಯವಾಗಿ ಪೆಟ್ಟು ಮೇಲಕ್ಕೆ ಹೋಗುತ್ತದೆ, ರಿವಾಲ್ವರಿನ ಗುರಿ ನೋಡುವ ಸೈಟ್ ಮತ್ತೆ ಹೊಂದಿಸಲೇಬೇಕು.