ಶುಗರ್ ಇದ್ದವರ ವಸಡು: ಓದುಗರ ಪ್ರಶ್ನೆಗೆ ವೈದ್ಯರ ಉತ್ತರ

ಪ್ರಶ್ನೆ: ನನಗೆ 54 ವರ್ಷ, ಎಂಟು ವರ್ಷದಿಂದ ಶುಗರ್. ಮಾತ್ರೆ ತಪ್ಪಿಸಿಲ್ಲ, ಅನ್ನ ಬಿಟ್ಟು ಮುದ್ದೆಗೆ ಬಂದೆ. ಆದರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.4ರಿಂದ ಇಳಿಯುತ್ತಿಲ್ಲ. ಹಲ್ಲುಜ್ಜುವಾಗ ರಕ್ತ ಬರುತ್ತದೆ, ನೋವಿಲ್ಲ. ಶುಗರ್ ಡಾಕ್ಟರಿಗೆ ಇದನ್ನು ಹೇಳಬೇಕೇ? ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಮನೆಯಲ್ಲಿ ಬೇಡ ಅನ್ನುತ್ತಾರೆ.
– ಓದುಗರು, ತಿಪಟೂರು

ಉತ್ತರ: ಹೇಳಲೇಬೇಕು. ನೋವಿಲ್ಲದಿರುವುದೇ ವಸಡಿನ ಕಾಯಿಲೆಯ ಮೋಸ. ಹಲ್ಲು ಅಲ್ಲಾಡುವವರೆಗೂ ಅನೇಕರಿಗೆ ಏನೂ ಗೊತ್ತಾಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಬಿಳಿ ರಕ್ತಕಣಗಳು ಸೋಂಕನ್ನು ಸರಿಯಾಗಿ ಎದುರಿಸಲಾರವು, ಗಾಯ ಬೇಗ ಮಾಯದು. ವಸಡಿನ ಉರಿಯೂತವೂ ಸುಮ್ಮನಿರದೆ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ.

ಹಲ್ಲಿಗೂ ವಸಡಿಗೂ ನಡುವಿನ ಸಂದು 3 ಮಿ.ಮೀ.ವರೆಗೆ ಸಹಜ. 4 ಮಿ.ಮೀ. ಆಗಿ ಆಳವಾಗುತ್ತ ಹೋದರೆ ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಒಳಗಿನ ಪಾಚಿಯನ್ನು ಸ್ಕೇಲಿಂಗ್ (ಕ್ಲೀನಿಂಗ್) ಮಾಡಿ, ಬೇಕಿದ್ದರೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಬೇರಿನ ಮೈಯನ್ನೂ ಕೆರೆದು ತೆಗೆಯಬೇಕು. ಎರಡು–ಮೂರು ಬಾರಿ ಹೋಗಬೇಕಾದೀತು. ಆಮೇಲೆ ಮೂರು ತಿಂಗಳಿಗೊಮ್ಮೆ ತಪಾಸಣೆ. ಇದರಿಂದ ಮೂರು–ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.3ರಿಂದ 0.4ರಷ್ಟು ಇಳಿಯುತ್ತದೆ. ಅಂದರೆ ನಿಮ್ಮ 8.4 ಎಂಟರ ಹತ್ತಿರ ಬಂದೀತು, ಆರೂವರೆ ಆಗದು. ಔಷಧಿಯನ್ನೂ ಊಟವನ್ನೂ ವೈದ್ಯರು ಮತ್ತೆ ನೋಡಲೇಬೇಕು. (ಮುದ್ದೆಯೂ ಪಿಷ್ಟವೇ. ಅದರ ಗಾತ್ರದ ಮೇಲೂ ಕಣ್ಣಿರಲಿ.)

ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುವುದಿಲ್ಲ. ಕಲ್ಲಾದ ಪಾಚಿ ಹಲ್ಲುಗಳನ್ನು ಬೆಸುಗೆ ಹಾಕಿದಂತೆ ಹಿಡಿದುಕೊಂಡಿರುತ್ತದೆ. ಅದು ಹೋದಾಗ, ಒಳಗೆ ಮೂಳೆ ಮೊದಲೇ ಕರಗಿದ್ದದ್ದು ಬಯಲಾಗುತ್ತದೆ, ಅಷ್ಟೆ. ಕೆಲವು ದಿನ ತಣ್ಣೀರು ಜುಮ್ಮೆನ್ನಬಹುದು. ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಡಬೇಡಿ. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ದಿನಕ್ಕೆರಡು ಸಲ, ಎರಡೆರಡು ನಿಮಿಷ ಉಜ್ಜಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ.

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯೆ. ಶುಗರ್ ರೋಗಿಗಳ ಕಾಲು, ಕಣ್ಣು, ಮೂತ್ರ ನೋಡುತ್ತೇವೆ. ದಂತ ಉಪಕರಣವಿಲ್ಲದೆ ಬಾಯಿಯಲ್ಲಿ ನೋಡುವುದೇನು?
– ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಟಾರ್ಚು, ನಾಲಿಗೆ ಒತ್ತುವ ಕಡ್ಡಿ, ಗ್ಲೌಸು ಸಾಕು. ಒಂದು ನಿಮಿಷದ ಕೆಲಸ. ವಸಡಲ್ಲಿ ರಕ್ತ ಬರುತ್ತದೆಯೇ, ಯಾವುದಾದರೂ ಹಲ್ಲು ಅಲ್ಲಾಡುತ್ತದೆಯೇ, ಹಲ್ಲಿನ ವೈದ್ಯರನ್ನು ಕಂಡು ಎಷ್ಟು ದಿನವಾಯಿತು ಎಂದು ಕೇಳಿ. ಆಮೇಲೆ ವಸಡನ್ನು ಬೆರಳಿಂದ ಒತ್ತಿ, ಕೀವು ಬಂದರೆ ಕಾಣುತ್ತದೆ. ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದಿ ಬಿದ್ದಿದ್ದರೆ ಅದೂ ಗುರುತೇ. ತಂಬಾಕು ಸೇದುವವರಲ್ಲಿ ರಕ್ತಸ್ರಾವ ಕಡಿಮೆ ಇರುತ್ತದೆ, ವಸಡು ಚೆನ್ನಾಗಿದೆ ಎಂದು ಮೋಸ ಹೋಗಬೇಡಿ. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುವವರಲ್ಲಿ ವಸಡು ಬೆಳೆದು ಹಲ್ಲನ್ನು ಮುಚ್ಚಿದ್ದರೆ ಮಾತ್ರೆಯ ಮೇಲೂ ಅನುಮಾನವಿರಲಿ.

ಬರೀ ಆಂಟಿಬಯೋಟಿಕ್ ಬರೆದು ಕಳಿಸುವುದು ಸಾಮಾನ್ಯ ತಪ್ಪು. ಪಾಚಿ ಪದರದೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಊತ ಇಳಿದು ರೋಗಿ ನಿಶ್ಚಿಂತರಾಗುತ್ತಾರೆ, ಮೂಳೆ ಕರಗುತ್ತಲೇ ಇರುತ್ತದೆ. ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸಲು ಕೊಡುವುದಾದರೆ ಶೇ 0.2ರದ್ದು 10 ಮಿ.ಲೀ., ಪೇಸ್ಟ್ ಬಳಸಿ ಅರ್ಧ ಗಂಟೆಯ ನಂತರ. ಎರಡು ವಾರ ಮೀರಿದರೆ ಹಲ್ಲು ಕಂದಾಗುತ್ತದೆ. ದಂತ ವೈದ್ಯರಿಗೆ ಬರೆಯುವ ಚೀಟಿಯಲ್ಲಿ ಇತ್ತೀಚಿನ ಎಚ್‌ಬಿಎ1ಸಿ, ಎಲ್ಲ ಮಾತ್ರೆ, ಮುಖ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದ್ದರೆ ನಮೂದಿಸಿ. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದಿದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ.

ಪ್ರಶ್ನೆ: ಕ್ಲೀನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?
– ಓದುಗರು, ಶಿರಸಿ

ಉತ್ತರ: ಬೇಡವೇ ಬೇಡ. ಬೆಳಗಿನ ಸಮಯ ಕೇಳಿ, ತಿಂಡಿ ತಿಂದು ಎಂದಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹೋಗಿ. ಕುರ್ಚಿಯಲ್ಲಿ ಬೆವರು, ನಡುಕ ಬಂದರೆ ಕೂಡಲೇ ಹೇಳಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ನೀರಲ್ಲಿ ಕದಡಿ ಕುಡಿಯಿರಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ.