ಎಕ್ಸ್‌ರೇ ಸರಿ ಇದೆ, ಆದರೂ ಎದೆ ಹಾರುತ್ತಿದೆ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಜಮಖಂಡಿ ಹತ್ತಿರದ ಹಳ್ಳಿಯವರು. ಮೂರು ದಿನದ ಹಿಂದೆ ಕಬ್ಬು ಹೇರಿಕೊಂಡು ಹೊರಟಿದ್ದ ನಮ್ಮಣ್ಣನ ಟ್ರ್ಯಾಕ್ಟರ್ ತಗ್ಗಿಗೆ ಇಳಿದು ಸ್ಟೇರಿಂಗ್ ಜೋರಾಗಿ ಎದೆಗೆ ಬಡಿಯಿತು. ಎಕ್ಸ್‌ರೇ ತೆಗೆದು, ಪಕ್ಕೆಲುಬು ಮುರಿದಿಲ್ಲ ಎಂದು ನೋವಿನ ಗುಳಿಗೆ ಕೊಟ್ಟರು. ನಿನ್ನೆಯಿಂದ ಆಗಾಗ ಎದೆ ಡವಡವ ಹಾರುತ್ತದೆ ಅಂತಾನೆ. ವಯಸ್ಸು 34. ಹೆದರಿಕೆಯಿಂದ ಹೀಗಾಗುತ್ತಾ?

ಉತ್ತರ: ಹೆದರಿಕೆ ಅಂತ ಸುಮ್ನೆ ಬಿಡಬೇಡಿ. ಇವತ್ತೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟ್ರ್ಯಾಕ್ಟರ್ ಅವರೇ ಓಡಿಸುವುದು ಬೇಡ.

ಎಕ್ಸ್‌ರೇಯಲ್ಲಿ ಮೂಳೆ ಮತ್ತು ಶ್ವಾಸಕೋಶ ಕಾಣುತ್ತವೆ. ಹೃದಯದ ಸ್ನಾಯು ಜಜ್ಜಿದ್ದರೆ ಅದು ತಿಳಿಯುವುದಿಲ್ಲ. ಎದೆಯ ನಡುವಿನ ಮೂಳೆಯ ಹಿಂದೆಯೇ ಹೃದಯದ ಬಲ ಕೆಳಕೋಣೆ ಇದೆ. ಮುಂದಿನಿಂದ ಬಿದ್ದ ಪೆಟ್ಟು ಹೆಚ್ಚಾಗಿ ತಾಗುವುದು ಅದಕ್ಕೇ. ಚಿಕ್ಕ ವಯಸ್ಸಿನವರ ಪಕ್ಕೆಲುಬು ಮುರಿಯದೆ ಬಾಗಿ, ಪೆಟ್ಟನ್ನು ಒಳಗೆ ದಾಟಿಸುವುದೂ ಉಂಟು.

ಎರಡು ಪರೀಕ್ಷೆ ಕೇಳಿ ಮಾಡಿಸಿ: ಇಸಿಜಿ ಮತ್ತು ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ರಕ್ತದಲ್ಲಿ ಏರುತ್ತದೆ. ಪೆಟ್ಟು ಬಿದ್ದ ದಿನವೇ ಎರಡೂ ಸರಿ ಬಂದಿದ್ದರೆ ದೊಡ್ಡ ಗಾಯ ಇಲ್ಲವೆಂದು ಬಹುಮಟ್ಟಿಗೆ ಹೇಳಬಹುದಿತ್ತು. ಈಗ ಎದೆ ಹಾರುತ್ತಿದೆಯಲ್ಲ, ಹಾಗಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಕೂಡ ಮಾಡಿಸುವುದು ನನ್ನ ಸಲಹೆ. ಕವಾಟ ಹರಿದಿದ್ದರೆ, ಹೃದಯದ ಸುತ್ತ ರಕ್ತ ಸೇರಿದ್ದರೆ ಅದರಲ್ಲಿ ಕಾಣುತ್ತದೆ. ಇಸಿಜಿಯಲ್ಲಿ ವ್ಯತ್ಯಾಸವಿದ್ದರೆ 24ರಿಂದ 48 ಗಂಟೆ ಮಾನಿಟರ್ ಹಚ್ಚಿ ಮಲಗಿಸುತ್ತಾರೆ. ಕಬ್ಬಿನ ಹಂಗಾಮು, ಕೆಲಸ ಬಿಡೋಕಾಗಲ್ಲ ಅಂತ ಎದ್ದು ಬರಬೇಡಿ. ಜಜ್ಜಿದ ಗಾಯಕ್ಕೆ ಬೇರೆ ಔಷಧಿಯೇನೂ ಇಲ್ಲ. ವಿಶ್ರಾಂತಿ ಮತ್ತು ನಿಗಾ, ಅಷ್ಟೇ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಡಾಕ್ಟರಿಗೆ "ಟ್ರ್ಯಾಕ್ಟರ್ ತಗ್ಗಿಗಿಳಿಯಿತು" ಎಂದಷ್ಟೇ ಹೇಳಬೇಡಿ, "ಸ್ಟೇರಿಂಗ್ ಎದೆಗೆ ಬಡಿಯಿತು" ಎಂದು ಬಿಡಿಸಿ ಹೇಳಿ. ಅವರನ್ನು ಕೇಳದೆ ಆಸ್ಪಿರಿನ್ ಕೊಡಬೇಡಿ, ಒಳಗೆ ರಕ್ತ ಸೋರುತ್ತಿದ್ದರೆ ಜಾಸ್ತಿಯಾಗುತ್ತದೆ. ದಮ್ಮು ಹತ್ತಿದರೆ, ತಲೆ ತಿರುಗಿ ಬಿದ್ದರೆ, ಕುತ್ತಿಗೆಯ ನರ ಉಬ್ಬಿ ಮೈ ತಣ್ಣಗಾದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಅಥಣಿಯಿಂದ ಬರೆಯುತ್ತಿದ್ದೇನೆ. ನನ್ನ 13 ವರ್ಷದ ಮಗ ಲೆದರ್ ಬಾಲಿನಲ್ಲಿ ಕ್ರಿಕೆಟ್ ಆಡುತ್ತಾನೆ. ಎದೆಗೆ ಚೆಂಡು ಬಿದ್ದರೆ ಜೀವಕ್ಕೇ ಅಪಾಯ ಅಂತಾರೆ, ನಿಜವೇನ್ರಿ?

ಉತ್ತರ: ನಿಜ ತಾಯಿ, ಆದರೆ ತೀರಾ ಅಪರೂಪ. ಹೃದಯ ಒಂದು ಬಡಿತ ಮುಗಿಸಿ ಸಜ್ಜಾಗುವ, ಸೆಕೆಂಡಿನ ಸಣ್ಣ ಚೂರಿನಷ್ಟು ಹೊತ್ತಿನಲ್ಲೇ ಪೆಟ್ಟು ಬಿದ್ದರೆ ಅದು ಲಯ ತಪ್ಪಿ ಬರೀ ಅದುರುತ್ತದೆ. ಗಾಯವೇ ಇರುವುದಿಲ್ಲ, ಹುಡುಗ ಮಾತ್ರ ಕುಸಿದು ಬೀಳುತ್ತಾನೆ. ಚೆಸ್ಟ್ ಗಾರ್ಡ್ ಹಾಕಲಿ, ಆದರೆ ಅದೊಂದನ್ನೇ ನಂಬಬೇಡಿ. ಬಿದ್ದವನಿಗೆ ಎಚ್ಚರವಿಲ್ಲ, ಉಸಿರು ಸರಿಯಿಲ್ಲ ಎಂದರೆ ನೀರು ಚಿಮುಕಿಸುತ್ತಾ ಕೂರಬಾರದು. ಒಬ್ಬರು 108ಕ್ಕೆ ಹೇಳಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈಯಿಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ. ಅವನ ಕೋಚ್‌ಗೆ ಇದು ಬರುತ್ತದೆಯೇ, ಒಮ್ಮೆ ಕೇಳಿ ನೋಡಿ.